ನಲವತ್ತೊಂದು ಚೀಟಿಗಳ ಐಸ್ ಕಾರ್ಖಾನೆ

ನಮ್ಮ ಮೀನುಗಾರರ ಊರು ಬಾಗಾಕಾಯ್‌ನ ಐಸ್ ಕಾರ್ಖಾನೆಯನ್ನು ನಲವತ್ತೊಂದು ಚೀಟಿಗಳಾಗಿ ಬಿಡಿಸಿದವಳು ನಾನು. ಅದರಲ್ಲಿ ತಪ್ಪು ಮಾಡಿದವಳೂ ನಾನೇ. ಊರಿನವರು ಈಗ ಇದನ್ನು ತಮತಮಗೆ ತೋಚಿದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ, ಅದಕ್ಕೇ ನಾನೇ ಬರೆಯಲು ಕೂತೆ.

ನನ್ನ ಹೆಸರು ಸಾಲ್ವಸಿಯೋನ್, ಎಲ್ಲರ ಬಾಯಲ್ಲಿ ಬಸ್ಯೋನ್. ಉಪ್ಪುನೀರಿನ ತೊಟ್ಟಿಯ ಮೇಲೆ ನಿಂತು ಐಸ್ ಗಡ್ಡೆಗಳನ್ನು ಎತ್ತಿಸುವ ಕೆಲಸ ನನ್ನದು, ಇಪ್ಪತ್ತೆರಡು ವರ್ಷವಾಯಿತು. ನನ್ನ ಗಂಡ ಓನ್ಯೊಕ್ ಕೂಡ ಅಲ್ಲೇ ಕೆಲಸಕ್ಕಿದ್ದಾನೆ. ಬೆಳಿಗ್ಗೆ ದೋಣಿಗಳು ನಮ್ಮ ಐಸ್ ತುಂಬಿಕೊಳ್ಳದೆ ಕಡಲಿಗೆ ಇಳಿಯುವ ಹಾಗಿಲ್ಲ. ಒಂದು ದಿನ ನಾವು ನಿಲ್ಲಿಸಿದರೆ ಮಾರನೆಯ ದಿನ ಊರೆಲ್ಲ ಕೊಳೆತ ಮೀನಿನ ವಾಸನೆ.

ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಪುಲೊ. ವಯಸ್ಸಿನಲ್ಲಿ ಹಿರಿಯರಾದ್ದರಿಂದ ನಾವೆಲ್ಲ ಮನೊಯ್ ಪುಲೊ ಅನ್ನುತ್ತಿದ್ದೆವು, ಪುಲೊ ಅಣ್ಣ ಅಂದ ಹಾಗೆ. ಆದರೆ ಅಣ್ಣನ ಗಾಂಭೀರ್ಯ ಅವರ ಹತ್ತಿರವೂ ಸುಳಿದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಾರ್ಖಾನೆ ಸುತ್ತುತ್ತ ಒಬ್ಬೊಬ್ಬರ ಕಾಲೆಳೆಯುವುದೇ ಅವರ ಕೆಲಸ. "ಇಸ್ಯೊಂಗ್, ನಿನ್ನ ಹುಂಜ ಮೊಟ್ಟೆ ಇಟ್ಟಿತಂತಲ್ಲೋ!" ಅಂತ ಯಂತ್ರದ ಸದ್ದನ್ನೂ ಮೀರಿ ಕಿರುಚುವರು. ಕೋಳಿ ಅಂಕದ ಹುಚ್ಚನಾದ ಇಸ್ಯೊಂಗ್ ಅತ್ತ ಕಡೆಯಿಂದ, "ಇಟ್ಟಿದ್ದನ್ನ ನಿಮ್ಮನೆಗೇ ಕಳಿಸಿದೀನಿ, ಕಾವು ಕೊಡಿ!" ಅನ್ನುವನು. ನಾನು ಚರ್ಚಿನಲ್ಲಿ ಹಾಡುವವಳು. "ಬಸ್ಯೋನ್, ನಿನ್ನೆ ನೀನು ಬಾಯಿ ತೆಗೆದಿದ್ದೇ ತಡ, ಪಾದ್ರಿ ಪೂಜೆ ಬೇಗ ಮುಗಿಸಿಬಿಟ್ರಂತೆ." ಇಪ್ಪತ್ತೆರಡು ವರ್ಷ ಇದನ್ನು ಕೇಳಿ ನನಗೆ ಸಾಕಾಗಿ ಹೋಗಿತ್ತು.

ಕಳೆದ ವರ್ಷ ಅವರ ದನಿ ಒಡೆಯಿತು. ಗಂಟಲಲ್ಲಿ ಗಂಟು. ಒಂದು ಸಂಜೆ ಅವರ ಹೆಂಡತಿ ತೋಯಾಂಗ್ ನಮ್ಮನೆಗೆ ಬಂದು, ಕೊಟ್ಟ ಬಾಳೆಹಣ್ಣನ್ನು ಮುಟ್ಟದೆ ಕೂತಳು.

"ಆಪರೇಷನ್‌ಗೆ ಎರಡು ಸಲ ತಾರೀಖು ಕೊಟ್ರು, ಎರಡು ಸಲಾನೂ ಹೋಗ್ಲಿಲ್ಲ ಕಣೇ. ಈಗ ಮೂರನೇದು, ಇನ್ನು ನಾಲ್ಕು ವಾರಕ್ಕೆ ಬರೋ ಗುರುವಾರ. ಇದನ್ನೂ ತಪ್ಪಿಸಿದ್ರೆ ಆಮೇಲೆ ಬರೋದೇ ಬೇಡ ಅಂದಿದಾರೆ ಸೆಬು ಪಟ್ಟಣದ ಡಾಕ್ಟ್ರು. ಕೇಳಿದ್ರೆ, ನಾನಿಲ್ದೆ ಕಾರ್ಖಾನೆ ನಡೆಯಲ್ಲ ಅಂತಾರೆ. ನಡೆಯುತ್ತೆ ಅಂತ ನೀವಾದ್ರೂ ತೋರಿಸ್ರೇ!"

ತೋರಿಸ್ತೀನಿ ಅಂತ ಮಾತು ಕೊಟ್ಟೆ. ಅದೇ ಸಮಯಕ್ಕೆ ಮಾಲೀಕರ ಅಣ್ಣನ ಮಗಳು ಮೆಲ್ಡ್ರೆಡ್ ಬಂದಿದ್ದಳು. ಎಂಜಿನಿಯರ್. ತೆಳ್ಳಗೆ, ಎಲ್ಲಿ ಹೋದರೂ ಕಂಕುಳಲ್ಲಿ ಬಣ್ಣದ ಚೀಟಿಗಳ ಕಟ್ಟು. ಅವಳಿಗೆ ವಿಷಯ ಹೇಳಿದೆ. ಅವಳು ನನ್ನನ್ನು ಊಟದ ಕೋಣೆಯ ಗೋಡೆಯೆದುರು ನಿಲ್ಲಿಸಿ, ಒಂದು ಚೀಟಿಯಲ್ಲಿ 'ಐಸ್ ಮಾಡು' ಅಂತ ಬರೆದು ಎತ್ತರದಲ್ಲಿ ಅಂಟಿಸಿದಳು.

"ಅಕ್ಕಾ, ಇಲ್ಲಿ ಏನೇನಿದೆ ಅಂತ ಹೇಳ್ಬೇಡಿ. ಪಂಪಿದೆ, ಪೈಪಿದೆ, ಅದು ಬೇಡ. ಏನೇನು ಆಗ್ಬೇಕು, ಅದನ್ನ ಮಾತ್ರ ಹೇಳಿ. ಐಸ್ ಆಗ್ಬೇಕು ಅಂದ್ರೆ ಏನಾಗ್ಬೇಕು?"

"ನೀರು ತುಂಬಬೇಕು. ನೀರಿನ ಬಿಸಿ ತೆಗೀಬೇಕು. ಗಡ್ಡೆ ಬಿಡಿಸ್ಬೇಕು."

"ಬಿಸಿ ತೆಗೀಬೇಕು ಅಂದ್ರೆ?"

"ತಂಪು ಮಾಡೋ ಅಮೋನಿಯಾ ಗ್ಯಾಸನ್ನ ಒತ್ತಬೇಕು, ತಣಿಸ್ಬೇಕು, ಬಿಡಬೇಕು."

"ಒತ್ತಬೇಕು ಅಂದ್ರೆ?"

ಅವಳು ಬಿಡುವವಳೇ ಅಲ್ಲ. ಒಂದು ಕೆಲಸವನ್ನು ಹೇಳಿದರೆ ಅದರ ಹೊಟ್ಟೆಯೊಳಗೆ ಇನ್ನೇನಿದೆ ಅಂತ ಕೇಳುವಳು. ಇನ್ನು ಒಡೆಯಲು ಆಗುವುದಿಲ್ಲ, ಯಾರು ಬೇಕಾದರೂ ಓದಿ ಮಾಡಬಹುದು ಅನ್ನುವಲ್ಲಿಗೆ ಬಂದಾಗ ಮಾತ್ರ ಪೆನ್ನು ಕೆಳಗಿಡುವಳು. ಮೂರು ವಾರ ನಾನು ಮನೊಯ್ ಪುಲೊ ಬೆನ್ನಿಗೆ ಬಿದ್ದೆ. ಅವರು ಯಾವ ಚಕ್ರ ತಿರುಗಿಸಿದರು, ಯಾವ ಪೈಪಿನ ಮೇಲೆ ಕೈಯಿಟ್ಟರು, ಎಲ್ಲ ಬರೆದೆ. ಮೂವತ್ತೊಂದು ವರ್ಷ ಅವರೊಬ್ಬರ ತಲೆಯಲ್ಲಿದ್ದದ್ದು ನಲವತ್ತೊಂದು ಚೀಟಿಯಾಗಿ ಗೋಡೆಗೆ ಬಂತು. ಬಲತುದಿಯಲ್ಲಿ 'ಜನರನ್ನು ಕಾಪಾಡು' ಅಂತ ಒಂದು ಕವಲಿತ್ತು. ಅದರ ಕೆಳಗೆ ಗ್ಯಾಸ್ ಮುಖವಾಡ ಪರೀಕ್ಷಿಸು, ಫ್ಯಾನ್ ಹಾಕು, ಕಿಟಕಿ ತೆರೆ, ಇಷ್ಟೇ. ನನಗೆ ಎಂಥ ಹೆಮ್ಮೆಯಾಯಿತು ಅಂದರೆ ಆ ದಿನ ಗೋಡೆಯೆದುರು ನಿಂತೇ ಊಟ ಮಾಡಿದೆ.

ಮನೊಯ್ ಪುಲೊ ಗೋಡೆಯನ್ನು ತುಂಬಾ ಹೊತ್ತು ನೋಡಿದರು. "ನನ್ನನ್ನ ಕೋಳಿ ಕೊಯ್ದ ಹಾಗೆ ಕೊಯ್ದು ನೇತು ಹಾಕಿದೀರಲ್ರೇ," ಅಂದರು. ಆಮೇಲೆ ಒಂದು ಷರತ್ತು ಹಾಕಿದರು. "ಸೋಮವಾರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ನಾನು ಕಾಂಪೌಂಡಿನ ಹೊರಗೆ ಕೂತಿರ್ತೀನಿ. ಒಳಗೆ ಕಾಲಿಡಲ್ಲ, ಒಂದು ಮಾತಾಡಲ್ಲ. ನಾನಿಲ್ದೆ ದಿನ ದಾಟಿದ್ರೆ ಬುಧವಾರದ ಹಡಗು ಹತ್ತುತೀನಿ. ದಾಟದಿದ್ರೆ ತೋಯಾಂಗ್ ಇನ್ನು ಈ ವಿಷಯ ಎತ್ತಬಾರದು."

ನಾನು ಒಪ್ಪಿಕೊಂಡೆ. ಚೀಟಿ ಚೀಟಿಗೂ ಒಬ್ಬ ಹೊಣೆಗಾರ ಅಂತ ಕೆಲಸ ಹಂಚಿದೆ. ಯಂತ್ರದ ಒತ್ತಡ ತೋರಿಸುವ ಮುಳ್ಳು ನೋಡುವ ಚೀಟಿ ಓನ್ಯೊಕ್‌ಗೆ ಬೇಕಿತ್ತು. ಅವನು ಅವಸರದವನು, ಅದಕ್ಕೆ ಅದನ್ನು ಇಸ್ಯೊಂಗ್‌ಗೆ ಕೊಟ್ಟು, ಇವನಿಗೆ ಎಣ್ಣೆ ಇಳಿಸುವುದನ್ನು ಕೊಟ್ಟೆ. ಅಮೋನಿಯಾದ ಜೊತೆ ಹೋಗುವ ಯಂತ್ರದ ಎಣ್ಣೆ ಹಿಂದಿನ ಗುಂಡಿಯಲ್ಲಿರುವ ಪಾತ್ರೆಯಲ್ಲಿ ಸೇರುತ್ತದೆ. ದಿನಾ ಎರಡು ಗಂಟೆಗೆ ಐದು ಮೆಟ್ಟಿಲು ಇಳಿದು ಅದನ್ನು ಬಕೆಟ್ಟಿಗೆ ಬಿಟ್ಟುಕೊಂಡು ಬರಬೇಕು. ಕೊಳಕು ಕೆಲಸ. ನನ್ನ ಗಂಡ ಮುನಿಸಿಕೊಂಡ.

ನಮ್ಮ ಕಡೆ ಮುನಿಸಿಗೆ ಒಂದು ಮರ್ಯಾದೆ ಇದೆ. ಮುನಿಸಿಕೊಂಡವನು ಬಾಯಿ ಬಿಡಬಾರದು, ಕೂಗಾಡಬಾರದು. ಎದುರಿನವರೇ ಬಂದು ಓಲೈಸಬೇಕು. ಶನಿವಾರದಿಂದ ಅವನು ಕಿಟಕಿ ಕಡೆ ಮುಖ ಮಾಡಿ ಊಟ ಮಾಡಿದ. ನಾನೂ ಹಟದವಳೇ, ಓಲೈಸಲಿಲ್ಲ. ಪರೀಕ್ಷೆ ಮುಗಿಯಲಿ, ಸೋಮವಾರ ರಾತ್ರಿ ಅವನಿಗೆ ಇಷ್ಟವಾದ ಮೀನು ಸುಟ್ಟುಕೊಟ್ಟರಾಯಿತು ಅಂದುಕೊಂಡೆ.

ಸೋಮವಾರ ಆರಕ್ಕೆ ಮನೊಯ್ ಪುಲೊ ಹಿಂದಿನ ಬೇಲಿಯಾಚೆಯ ಬಾದಾಮಿ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ನಮಗೆಲ್ಲ ಕಾಣುವ ಹಾಗೆ ಕರವಸ್ತ್ರವನ್ನು ಬಾಯಿಗೆ ಕಟ್ಟಿಕೊಂಡರು. ನಾವು ನಕ್ಕೆವು. ಆಮೇಲೆ ಯಾರೂ ನಗಲಿಲ್ಲ. ಪ್ರತಿಯೊಬ್ಬನೂ ತನ್ನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತನ್ನ ಜಾಗದಲ್ಲಿ ನಿಂತ. ಯಂತ್ರ ಬಡಿದುಕೊಳ್ಳುವುದು, ಕ್ರೇನಿನ ಸರಪಳಿ, ಗಡ್ಡೆ ಜಾರಿ ಬೀಳುವುದು, ಇಷ್ಟೇ ಸದ್ದು. ಇಪ್ಪತ್ತೆರಡು ವರ್ಷದಲ್ಲಿ ಕಾರ್ಖಾನೆ ಅಷ್ಟು ಶಿಸ್ತಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಹತ್ತಕ್ಕೆ ಒತ್ತಡ ಏರಿತು. ಹದಿನೇಳನೇ ಚೀಟಿ ನೋಡಿ ಇಸ್ಯೊಂಗ್ ಇಳಿಸಿದ. ಹನ್ನೊಂದಕ್ಕೆ ನೀರಿನ ಪಂಪು ಕೆಮ್ಮಿತು. ಅದಕ್ಕೂ ಚೀಟಿ ಇತ್ತು. ಮಧ್ಯಾಹ್ನ ಊಟಕ್ಕೆ ಬಂದಾಗ ಮೆಲ್ಡ್ರೆಡ್ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಒದ್ದೆಯಾಗಿತ್ತು, ನನ್ನದೂ.

ಎರಡಕ್ಕೆ ಓನ್ಯೊಕ್ ಬಕೆಟ್ ಹಿಡಿದು ನನ್ನ ಮುಂದೆಯೇ ಹಾದುಹೋದ. ನಾನು ಗಡ್ಡೆ ಎಣಿಸುತ್ತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಬೇಲಿಯಾಚೆಯಿಂದ ಒಡೆದ ದನಿ ಕೇಳಿಸಿತು.

"ಓನ್ಯೊಕ್! ಲೋ ಓನ್ಯೊಕ್! ನಿನ್ನ ಹೆಂಡ್ತಿ ಕ್ರೇನಿನಲ್ಲಿ ಬೇರೆಯವನನ್ನ ಎತ್ಕೊಂಡು ಹೋದ್ಳು ಕಣೋ!"

ನನ್ನ ಮೈಯೆಲ್ಲ ಉರಿಯಿತು. ಇನ್ನು ನಾಲ್ಕು ಗಂಟೆ ಉಳಿದಿತ್ತು, ಇನ್ನು ನಾಲ್ಕೇ ನಾಲ್ಕು ಗಂಟೆ. ತೊಟ್ಟಿಯಿಂದ ಹಾರಿ ಬೇಲಿಯ ಹತ್ತಿರ ಹೋದೆ. ಅವರು ಕರವಸ್ತ್ರ ಕಿತ್ತೆಸೆದು ತಂತಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಮನೊಯ್! ಮಾತು ಕೊಟ್ಟಿದ್ರಲ್ಲ! ಹೋಗೋಕೆ ಇಷ್ಟ ಇಲ್ದಿದ್ರೆ ನೇರವಾಗಿ ಹೇಳಿ, ನಮ್ಮ ಕೈಲಿ ಈ ನಾಟಕ ಯಾಕೆ ಆಡಿಸ್ತೀರಿ? ಸಾಯ್ಬೇಕು ಅಂತಿದ್ರೆ ಸಾಯಿರಿ!"

ಅವರು ನನ್ನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. "ಓನ್ಯೊಕ್! ಕಿವಿ ಕೇಳಲ್ವೇನೋ, ಹೆಂಡ್ತಿಗೆ ಹೆದರಿ ಬಿಲ ಸೇರಿದ್ಯಾ?" ಅಂತ ಮತ್ತೆ ಕಿರುಚಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿದರು. "ಅವನು ಉತ್ತರ ಕೊಡ್ತಿಲ್ಲ."

"ಮುನಿಸ್ಕೊಂಡಿದಾನೆ. ಎರಡು ದಿನದಿಂದ ಮಾತಿಲ್ಲ ನನ್ನ ಹತ್ರ."

"ನಿನ್ನ ಮೇಲೆ ಮುನಿಸು. ನನ್ನ ಮೇಲೆ ಅವನಿಗೇನೇ ಮುನಿಸು?"

ಆ ಮಾತು ತಲೆಗೆ ಹತ್ತಲು ಒಂದು ಕ್ಷಣ ಬೇಕಾಯಿತು. ಹತ್ತಿದ ಮೇಲೆ ನನ್ನ ಕಾಲು ನನಗೆ ಹೇಳದೆಯೇ ಓಡತೊಡಗಿತು. ಎಣ್ಣೆ ಇಳಿಸುವಾಗ ಸ್ವಲ್ಪ ವಾಸನೆ ದಿನಾ ಬರುತ್ತದೆ, ಆವತ್ತೂ ಬಂದಿತ್ತು, ಯಾರೂ ಮೂಗೆತ್ತಿ ನೋಡಿರಲಿಲ್ಲ. ಗಾಳಿ ಬೇರೆ ಕಡಲಿನ ಕಡೆಗೆ ಬೀಸುತ್ತಿತ್ತು. ಗುಂಡಿಯ ಬಾಗಿಲಿಗೆ ಬರುವಷ್ಟರಲ್ಲಿ ಕಣ್ಣು ಉರಿದು ದಾರಿಯೇ ಕಾಣಲಿಲ್ಲ. ಬಿಳಿ ಹೊಗೆ. ಮೊಳೆಯಿಂದ ಮುಖವಾಡ ಕಿತ್ತುಕೊಂಡು ಹಾಕಿಕೊಂಡೆ. "ಇಸ್ಯೊಂಗ್, ಯಂತ್ರ ನಿಲ್ಸೋ!" ಅಂತ ಕೂಗಿದ್ದು ಮುಖವಾಡದೊಳಗೇ ಉಳಿಯಿತು. ಹಿಂದೆಯೇ ಓಡಿಬಂದ ಮೆಲ್ಡ್ರೆಡ್‌ಗೆ ಕೈಸನ್ನೆ ಮಾಡಿ ಇಳಿದೆ.

ಒಂದು, ಎರಡು, ಮೂರನೇ ಮೆಟ್ಟಿಲಲ್ಲಿ ನನ್ನ ಕಾಲಿಗೆ ಅವನ ಕೈ ಸಿಕ್ಕಿತು. ಹತ್ತಿ ಬರಲು ನೋಡಿ ಅಲ್ಲೇ ಮಗುಚಿಕೊಂಡಿದ್ದ. ಎಣ್ಣೆಯ ಹಿಂದೆ ಅಮೋನಿಯಾ ನುಗ್ಗಿತ್ತು. ಅದು ಗಂಟಲಿಗೆ ಹೋದರೆ ಗಂಟಲು ಮುಚ್ಚಿಕೊಳ್ಳುತ್ತದೆ, ಕೂಗಬೇಕು ಅಂದರೂ ದನಿ ಹೊರಡುವುದಿಲ್ಲ. ನಾನು ಮೊದಲು ಗಂಡನನ್ನು ಎಳೆಯಬೇಕೋ ಅಮೋನಿಯಾ ನಿಲ್ಲಿಸುವ ಚಕ್ರ ತಿರುಗಿಸಬೇಕೋ ಅಂತ ನಿಂತೆ. ಒಂದೇ ಉಸಿರಿನಷ್ಟು ಹೊತ್ತು. ಇವತ್ತಿಗೂ ಆ ನಿಂತದ್ದು ನೆನಪಾದರೆ ನನ್ನ ಮೇಲೇ ನನಗೆ ಅಸಹ್ಯ. ಅವನ ಕಂಕುಳಿಗೆ ಕೈ ಹಾಕಿ ಎಳೆದೆ. ಮೇಲಿನಿಂದ ಯಾರೋ ಅವನ ಅಂಗಿ ಹಿಡಿದರು. ನಾನು ಮತ್ತೆ ಇಳಿದು ಚಕ್ರ ಬಿಗಿಮಾಡಿದೆ.

ಮೇಲೆ ಬಂದು ನೋಡಿದರೆ ಅವನ ಅಂಗಿ ಹಿಡಿದು ಎಳೆದವರು ಮನೊಯ್ ಪುಲೊ. ಆ ವಯಸ್ಸಿನಲ್ಲಿ, ಆ ಗಂಟಲಿಟ್ಟುಕೊಂಡು, ಮುಳ್ಳುತಂತಿ ಹಾರಿ ಬಂದಿದ್ದರು. ತೊಡೆಯ ಹತ್ತಿರ ಪ್ಯಾಂಟು ಹರಿದು ರಕ್ತ ಬರುತ್ತಿತ್ತು. ಓನ್ಯೊಕ್‌ನನ್ನು ನಲ್ಲಿಯ ಕೆಳಗೆ ಮಲಗಿಸಿ ಕಣ್ಣಿಗೆ, ಬಾಯಿಗೆ ನೀರು ಬಿಡುತ್ತಲೇ ಇದ್ದೆವು. ಅವನ ಎದೆ ಏರಲಿಲ್ಲ. ಆಮೇಲೆ ಒಂದು ಸಲ ಏರಿತು, ಗೊರಗೊರ ಸದ್ದು ಬಂತು. ನಾನು ಚರ್ಚಿನಲ್ಲೂ ಹಾಗೆ ದೇವರನ್ನು ಕರೆದಿರಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಕಣ್ಣು ಉಳಿಯುತ್ತದೆ, ಶ್ವಾಸಕೋಶಕ್ಕೆ ಹೆಚ್ಚು ಪೆಟ್ಟಾಗಿಲ್ಲ ಅಂದಿದ್ದರು. ನಾನು ಪಕ್ಕದಲ್ಲಿ ಕೂತು ಅವನ ಕೈ ಸವರಿದೆ. ಅವನ ತುಟಿ ಅಲ್ಲಾಡಿತು. ಕಿವಿ ಹತ್ತಿರ ಒಯ್ದೆ.

"ಎತ್ಕೊಂಡು ಹೋಗ್ಲಿ ಬಿಡಿ ಮನೊಯ್," ಅಂದ ಪಿಸುದನಿಯಲ್ಲಿ. "ಇವಳ ಅಡುಗೆ ತಿನ್ನೋನಿಗೆ ದೇವರೇ ಗತಿ."

ಬೇಲಿಯಾಚೆಯ ಮಾತಿಗೆ ಅವನ ಉತ್ತರ. ಗುಂಡಿಯೊಳಗೆ ಬಿದ್ದುಕೊಂಡೇ ಕೇಳಿಸಿಕೊಂಡಿದ್ದನಂತೆ, ಬಾಯಿಗೆ ಬರಲಿಲ್ಲವಂತೆ. ನಾನು ಅವನ ಹಾಸಿಗೆಯ ಮೇಲೆ ತಲೆಯಿಟ್ಟು ಅತ್ತೆ.

ಹೊರಗೆ ಬೆಂಚಿನ ಮೇಲೆ ಮನೊಯ್ ಪುಲೊ, ತೋಯಾಂಗ್, ಮೆಲ್ಡ್ರೆಡ್ ಕೂತಿದ್ದರು. ನಾನು ಬಂದು ನಿಂತಾಗ ಮನೊಯ್ ಹೇಳಿದರು:

"ಪರೀಕ್ಷೆ ಮುಗೀತು. ನಾನು ಹೋಗಲ್ಲ."

ತೋಯಾಂಗ್ ಮುಖ ಮುಚ್ಚಿಕೊಂಡಳು.

ಮೆಲ್ಡ್ರೆಡ್ ಎದ್ದು ನಿಂತಳು. "ತಪ್ಪು ನಮ್ಮದು ಮನೊಯ್. ನೀವು ದಿನಾ ಆ ಹೊತ್ತಿಗೆ ಗುಂಡಿ ಬಾಗಿಲಲ್ಲಿ ನಿಂತು ಇಳಿದವನ ಗೋಳು ಹುಯ್ಕೊಳ್ತಿದ್ರಿ. ನಾವು ಅದನ್ನ ಕೆಲಸ ಅಂತ ಎಣಿಸ್ಲೇ ಇಲ್ಲ. ಇನ್ನೊಂದು ಚೀಟಿ ಸೇರಿಸ್ತೀವಿ. ಹುಷಾರಾಗಿದ್ದೀಯಾ ಅಂತ ಕೇಳೋದು..."

"ಹುಷಾರಾಗಿದ್ದೀಯಾ ಅಂದ್ರೆ ಯಾರಮ್ಮ ಉತ್ತರ ಕೊಡ್ತಾರೆ? ತಲೆ ಆಡಿಸ್ತಾರೆ. ಇಲ್ಲಾಂದ್ರೆ ಹ್ಞೂಂ ಅಂತಾರೆ, ಗ್ಯಾಸ್ ತಲೆಗೇರಿದೋನೂ ಹ್ಞೂಂ ಅಂತಾನೆ." ಅವರು ಗಂಟಲು ಹಿಡಿದುಕೊಂಡು ನಿಧಾನವಾಗಿ ಮಾತಾಡಿದರು. "ನಾನು ಹೊಸಬನಾಗಿದ್ದಾಗ ಆ ಗುಂಡೀಲಿ ಒಬ್ಬನ್ನ ಕಳ್ಕೊಂಡ್ವಿ. ನಾನೇ ಕೇಳಿದ್ದೆ, ಸರಿಯಾಗಿದ್ದೀಯಾ ಅಂತ. ಹ್ಞೂಂ ಅಂದಿದ್ದ. ಆವತ್ತಿಂದ ಬೈಯೋಕೆ ಶುರು ಮಾಡ್ದೆ. ಸರಿಯಾಗಿ ಕೆಣಕಿದ್ರೆ ತಲೆ ನೆಟ್ಟಗಿರೋ ಯಾವನೂ ಸುಮ್ನಿರಲ್ಲ, ತಿರುಗಿಸಿ ಬೈದೇ ಬೈತಾನೆ. ಸುಮ್ನಿದ್ದ ಅಂದ್ರೆ ಓಡ್ಬೇಕು."

"ಹಾಗಾದ್ರೆ ವಾಪಸ್ ಬಂದು ಬೈಯಿರಿ," ಅಂದೆ. "ಗಂಟು ತೆಗೆಸ್ಕೊಂಡು ಬನ್ನಿ, ಆಮೇಲೆ ಬೇಕಾದಷ್ಟು ಬೈಯಿರಿ!"

ಅವರು ತೋಯಾಂಗ್ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ.

"ಗಂಟು ತೆಗೆಯೋದಲ್ಲ ಕಣೇ ಬಸ್ಯೋನ್. ದನಿ ಪೆಟ್ಟಿಗೇನೇ ತೆಗೀತಾರೆ. ಇಲ್ಲೊಂದು ತೂತು ಮಾಡ್ತಾರೆ, ಉಸಿರಾಡೋಕೆ. ಆಮೇಲೆ ಮಾತಿಲ್ಲ."

ನಾಲ್ಕು ತಿಂಗಳಿನಿಂದ ನಾನು ಅವರನ್ನು ಮೊಂಡ ಅಂದುಕೊಂಡಿದ್ದೆ. ಯಂತ್ರದ ಮೇಲಿನ ವ್ಯಾಮೋಹ, ಮುದುಕರ ಜಂಬ ಅಂದುಕೊಂಡಿದ್ದೆ. ಅವರ ಕೈಯಿಂದಾಗುವ ನಲವತ್ತೊಂದು ಕೆಲಸಗಳನ್ನು ಬಿಡಿಸಿ ಗೋಡೆಗೆ ಹಚ್ಚಿದ್ದೆ. ಬಾಯಿಂದಾಗುವ ಒಂದು ಕೆಲಸ ನನ್ನ ಕಿವಿಗೇ ದಿನಾ ಬೀಳುತ್ತಿತ್ತು, ಅದಕ್ಕೆ ನಾನು ಬೇಸರಪಟ್ಟಿದ್ದೆ. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ಆದರೂ ತೋಯಾಂಗ್‌ಗೆ ಕೊಟ್ಟ ಮಾತು ಇತ್ತು.

"ನಾಳೆ ಒಂದು ದಿನ ಕೊಡಿ," ಅಂದೆ. "ನಾನು ಕೆಣಕ್ತೀನಿ."

"ನೀನಾ?" ಅವರಿಗೆ ನಗು ಬಂದು ಕೆಮ್ಮು ಹತ್ತಿತು. "ನಿನಗೆ ಬೈಯೋಕೆ ಬರುತ್ತೇನೇ, ಬರೀ ಪ್ರಾರ್ಥನೆ ಹಾಡೋಳು!"

ಮಂಗಳವಾರ ಅವರು ಅದೇ ಮರದ ಕೆಳಗೆ ಕೂತರು. ಎಣ್ಣೆ ಗುಂಡಿಗೆ ಇನ್ನು ಮೇಲೆ ಇಬ್ಬರು ಅಂತ ಮೆಲ್ಡ್ರೆಡ್ ಚೀಟಿ ತಿದ್ದಿದ್ದಳು. ನಾನು ತೊಟ್ಟಿಯಿಂದ ತೊಟ್ಟಿಗೆ, ಪಂಪಿನಿಂದ ಯಂತ್ರಕ್ಕೆ ಸುತ್ತಿದೆ. "ಇಸ್ಯೊಂಗ್, ನಿನ್ನ ಹುಂಜ ಹೇಗಿದೆಯೋ?" ಅಂದರೆ ಅವನು, "ಚೆನ್ನಾಗಿದೆ ಅಕ್ಕಾ, ನಿಮ್ಮನ್ನ ಕೇಳ್ತು," ಅಂತ ವಿನಯವಾಗಿ ಹೇಳಿದ. ಬೇಲಿಯಾಚೆ ಮನೊಯ್ ಪುಲೊ ತಲೆ ಮೇಲೆ ಕೈ ಇಟ್ಟುಕೊಂಡರು. "ಏಯ್, ಅದು ಕುಶಲ ವಿಚಾರಿಸೋದು ಕಣೇ! ಅವನ ಹುಂಜ ಯಾವ ಅಂಕದಲ್ಲಿ ಓಡಿಹೋಯ್ತು ಅಂತ ತಿಳ್ಕೊಂಡು ಕೇಳು!" ಒಬ್ಬೊಬ್ಬನಿಗೂ ಎಲ್ಲಿ ಚುಚ್ಚಿದರೆ ಉರಿಯುತ್ತದೆ ಅಂತ ಗೊತ್ತಿರಬೇಕು. ಅದಕ್ಕೆ ಅವನ ಮನೆ, ಅತ್ತೆ, ಸೋಲು, ಸಾಲ, ಪ್ರೀತಿ ಎಲ್ಲ ಗೊತ್ತಿರಬೇಕು. ಮೂವತ್ತೊಂದು ವರ್ಷ ಅವರು ನಮ್ಮ ಬಗ್ಗೆ ಎಷ್ಟು ತಿಳಿದುಕೊಂಡಿದ್ದರು ಅಂತ ಆವತ್ತು ನನಗೆ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಕ್ರೇನಿನವನು ನನಗೆ ತಿರುಗಿಸಿ ಬೈದ. ಮೂರು ಗಂಟೆಗೆ ಇಸ್ಯೊಂಗ್ ಸಿಟ್ಟಿಗೆದ್ದು ಕೈಗವಸು ಬೀಸಿ ಒಗೆದ, ನನ್ನ ಕೆನ್ನೆಗೆ ತಾಗಿತು. ಮರದ ಕೆಳಗಿನ ಕುರ್ಚಿ ನೋಡಿದೆ. ಖಾಲಿಯಾಗಿತ್ತು. ಹೋಗುತ್ತೇನೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ಬುಧವಾರ ಬೆಳಿಗ್ಗೆ ಹಡಗಿನ ಮೊದಲ ಕೂಗು ಕೇಳಿಸಿದಾಗ ನಾನು ತೊಟ್ಟಿಯ ಮೇಲಿದ್ದೆ. ನನ್ನ ಚೀಟಿಯನ್ನು ಇಸ್ಯೊಂಗ್ ಕೈಗೆ ತುರುಕಿ, ರಬ್ಬರ್ ಬೂಟಿನಲ್ಲೇ ಹಡಗುಕಟ್ಟೆಗೆ ಓಡಿದೆ. ಅವರು ಬಂದಿದ್ದರು! ಹಡಗಿನ ಮೇಲಿನ ಕಟಕಟೆಗೆ ಒರಗಿ ತೋಯಾಂಗ್ ಪಕ್ಕದಲ್ಲಿ ನಿಂತಿದ್ದರು. ನನಗೆ ಅಳು ಒತ್ತಿ ಬಂತು, ಅದನ್ನು ನುಂಗಿ ಕಿರುಚಿದೆ:

"ಮನೊಯ್! ಗಂಟಲು ಹುಡುಕೋಕೆ ಡಾಕ್ಟ್ರಿಗೆ ಟಾರ್ಚ್ ತಗೊಂಡೋಗಿ! ಅಷ್ಟು ದೊಡ್ಡ ಬಾಯಿ ಅವರು ನೋಡಿರಲ್ಲ!"

ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆಯಲಿಲ್ಲ.

"ಕೇಳಿಸ್ತಾ ಇಲ್ವಾ? ಕಿವೀನೂ ಅಲ್ಲೇ ಮಾರ್ಕೊಂಡು ಬರ್ತೀರಾ?"

ಇಲ್ಲ. ಕೈಯೂ ಎತ್ತಲಿಲ್ಲ. ಕಟಕಟೆ ಹಿಡಿದು ಸುಮ್ಮನೆ ನಿಂತಿದ್ದರು. ಹಡಗು ಎರಡನೇ ಸಲ ಕೂಗಿತು. ನಾನು ಯೋಚಿಸಲಿಲ್ಲ. ಕೋಳಿ ಬುಟ್ಟಿ, ಅಕ್ಕಿ ಮೂಟೆ ಹೊತ್ತವರನ್ನು ತಳ್ಳಿಕೊಂಡು, ಬೈಸಿಕೊಂಡು, ಹಲಗೆ ಹತ್ತಿ, ಕಬ್ಬಿಣದ ಏಣಿ ಹತ್ತಿ ಅವರೆದುರು ಏದುಸಿರು ಬಿಡುತ್ತ ನಿಂತೆ.

"ಏನಾಯ್ತು? ಮನೊಯ್, ಏನಾಯ್ತು?"

ಅವರ ಕಣ್ಣು ತುಂಬಿತ್ತು.

"ನಾನು ಸುಮ್ನಿದ್ದದ್ದಕ್ಕೆ ನೀನು ಓಡಿ ಬರೋವರೆಗೆ ಮೂವತ್ತೆರಡು ಎಣಿಸ್ದೆ," ಅಂದರು ಒಡೆದ ದನಿಯಲ್ಲಿ. "ಸ್ವಲ್ಪ ತಡ ಆಯ್ತು. ಪರವಾಗಿಲ್ಲ, ನಡೆಯುತ್ತೆ."

ಕೆಳಗೆ ಹಲಗೆ ಎಳೆದುಬಿಟ್ಟಿದ್ದರು. ಹಗ್ಗ ನೀರಿಗೆ ಬಿದ್ದ ಸದ್ದು ಕೇಳಿಸಿತು, ಕಟ್ಟೆ ಮೆಲ್ಲಗೆ ದೂರ ಸರಿಯಿತು. ಆಸ್ಪತ್ರೆಯಲ್ಲಿ ಗಂಡ, ಕಾರ್ಖಾನೆಯಲ್ಲಿ ಕೆಲಸ, ಕಾಲಲ್ಲಿ ಉಪ್ಪುನೀರಿನ ಬೂಟು. ಎಲ್ಲ ಬಿಟ್ಟು ನಾನು ಸೆಬುವಿಗೆ ಹೊರಟಿದ್ದೆ.

ಆರು ಗಂಟೆಯ ದಾರಿ. ಅಷ್ಟು ಹೊತ್ತೂ ಮನೊಯ್ ಪುಲೊ ಬಾಯಿ ಮುಚ್ಚಲಿಲ್ಲ. ನನ್ನ ಹಾಡು, ನನ್ನ ಅಡುಗೆ, ನನ್ನ ಓಟ, ಏಣಿ ಹತ್ತುವಾಗ ನಾನು ಬಿಟ್ಟ ಉಸಿರು, ಯಾವುದನ್ನೂ ಬಿಡಲಿಲ್ಲ. ದನಿ ಕೊನೆಕೊನೆಗೆ ಬರೀ ಗಾಳಿಯಾಗಿತ್ತು. ನಾನು ಹತ್ತಿರ ಬಗ್ಗಿ ಕೇಳಿಸಿಕೊಂಡೆ, ಒಂದಕ್ಕೂ ಉತ್ತರ ಕೊಡದೆ ಬಿಡಲಿಲ್ಲ.